ತೀರಿಸಿದ ಸಾಲ ಸಿಬಿಲ್‌ನಲ್ಲಿ ಇನ್ನೂ ಬಾಕಿಯೇ? ಸರಿಪಡಿಸುವುದು ಹೀಗೆ

ಹಾಸನದ ಬಿ.ಎಂ. ರಸ್ತೆಯ ಶೋರೂಮಿನಲ್ಲಿ ಬೈಕು ನೋಡಿ, ಬಣ್ಣ ಒಪ್ಪಿ, ಮುಂಗಡ ಕೊಡುವ ಹೊತ್ತಿಗೆ ಫೈನಾನ್ಸಿನ ಹುಡುಗ ‘ಸಾರ್, ನಿಮ್ಮ ಸಿಬಿಲ್ ಸರಿಯಿಲ್ಲ’ ಅಂದುಬಿಡುತ್ತಾನೆ. ಯಾಕೆ ಅಂತ ಕೇಳಿದರೆ ಅವನಿಗೂ ಗೊತ್ತಿರುವುದಿಲ್ಲ. ನೀವು ಯಾರ ದುಡ್ಡನ್ನೂ ಉಳಿಸಿಕೊಂಡವರಲ್ಲ ಅಂದರೆ ತಪ್ಪು ನಿಮ್ಮ ಸಾಲದ ಚರಿತ್ರೆಯ ವರದಿಯಲ್ಲೇ ಇರಬಹುದು. ಅದನ್ನು ಸರಿಪಡಿಸಲು ಯಾರಿಗೂ ಕಾಸು ಕೊಡಬೇಕಿಲ್ಲ. ಆದರೆ ಕಾಗದ ಪತ್ರ ಕೈಯಲ್ಲಿರಬೇಕು.

ಮೊದಲು ವರದಿ ತರಿಸಿಕೊಳ್ಳಿ

ಸಾಲದ ಚರಿತ್ರೆ ಇಟ್ಟುಕೊಳ್ಳುವ ಕಂಪನಿಗಳು ದೇಶದಲ್ಲಿ ನಾಲ್ಕು: ಟ್ರಾನ್ಸ್‌ಯೂನಿಯನ್ ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈಮಾರ್ಕ್. ಪ್ರತಿಯೊಂದೂ ವರ್ಷಕ್ಕೊಮ್ಮೆ ಪೂರ್ತಿ ವರದಿಯನ್ನು ಪುಕ್ಕಟೆ ಕೊಡಬೇಕು, ಇದು ರಿಸರ್ವ್ ಬ್ಯಾಂಕಿನ ನಿಯಮ. ಅವರವರ ವೆಬ್‌ಸೈಟಿನಲ್ಲೇ ಸಿಗುತ್ತದೆ. ದುಡ್ಡು ಕಟ್ಟುವ ಪ್ಲಾನ್ ಕಣ್ಣಿಗೆ ಬಿದ್ದರೆ ಅವಸರಪಟ್ಟು ಒತ್ತಬೇಡಿ. ಮಹಿಳಾ ಗುಂಪಿನ ಮೂಲಕ ಮೈಕ್ರೋಫೈನಾನ್ಸ್ ಸಾಲ ಪಡೆದವರು ಸಿಬಿಲ್ ಒಂದನ್ನೇ ನೋಡಿ ಸುಮ್ಮನಾಗದೆ ಕ್ರಿಫ್ ಹೈಮಾರ್ಕ್ ವರದಿಯನ್ನೂ ತರಿಸಿ ನೋಡಿ. ನಿಮ್ಮ ವರದಿಯನ್ನು ನೀವೇ ನೋಡಿದರೆ ಸ್ಕೋರ್ (ಸಾಲ ಕಟ್ಟಿದ ರೀತಿ ನೋಡಿ ಕೊಡುವ ಅಂಕ) ಇಳಿಯುತ್ತದೆ ಅನ್ನುವುದು ಬರೀ ಸುಳ್ಳು.

ಸ್ಕೋರ್ ಬಿಡಿ, ಒಳಗೆ ನೋಡಿ

ಸ್ಕೋರ್ 300ರಿಂದ 900ರ ನಡುವೆ ಇರುತ್ತದೆ. ಎಲ್ಲರೂ ಅದನ್ನೇ ನೋಡಿ ಮುಚ್ಚಿಡುತ್ತಾರೆ. ತಪ್ಪು ಇರುವುದು ಒಳಗಿನ ಪುಟಗಳಲ್ಲಿ.

ಹೆಸರು, ಹುಟ್ಟಿದ ದಿನ, ಪ್ಯಾನ್ ನಂಬರ್ ಮೊದಲು ನೋಡಿ. ನಮ್ಮ ಕಡೆ ಒಂದೇ ಊರಿನಲ್ಲಿ ನಾಲ್ಕು ಮಂಜೇಗೌಡರಿರುತ್ತಾರೆ. ಆಧಾರ್‌ನಲ್ಲಿ ಇಂಗ್ಲಿಷಿನಲ್ಲಿ ‘ಮಂಜೇಗೌಡ’ ಒಂದೇ ಪದ, ಪ್ಯಾನ್‌ನಲ್ಲಿ ‘ಮಂಜೇ’ ಬೇರೆ, ‘ಗೌಡ’ ಬೇರೆ, ಬ್ಯಾಂಕಿನಲ್ಲಿ ಇನಿಷಿಯಲ್ ಹಿಂದೆ ಮುಂದೆ. ಹೀಗಿದ್ದಾಗ ಇನ್ನೊಬ್ಬರ ಟ್ರ್ಯಾಕ್ಟರ್ ಸಾಲ ನಿಮ್ಮ ತಲೆಗೆ ಬಂದು ಕೂರಬಹುದು.

ಆಮೇಲೆ ಒಂದೊಂದೇ ಸಾಲ ನೋಡಿ. ತೀರಿದ್ದು ‘ಕ್ಲೋಸ್ಡ್’ ಅಂತಿದೆಯಾ? ಬಾಕಿ ಸೊನ್ನೆಯಾ? ಅದರ ಕೆಳಗೆ ತಿಂಗಳಿಗೊಂದು ಚೌಕ ಇರುತ್ತದೆ. 000 ಇದ್ದರೆ ಕಂತು ಸರಿಯಾಗಿ ಬಂದಿದೆ ಎಂದರ್ಥ. 030 ಇದ್ದರೆ 30 ದಿನ ತಡ. ಬ್ಯಾಂಕ್ ಆ ತಿಂಗಳ ಮಾಹಿತಿ ಕೊಟ್ಟಿಲ್ಲದಿದ್ದರೆ ಎಕ್ಸ್ ಎಕ್ಸ್ ಎಕ್ಸ್. ನೀವು ಕಟ್ಟಿದ ತಿಂಗಳಲ್ಲೇ 030 ಕಂಡರೆ ಪಾಸ್‌ಬುಕ್ಕಿನ ಆ ಪುಟವನ್ನು ಜೆರಾಕ್ಸ್ ಮಾಡಿಸಿಕೊಳ್ಳಿ.

ಹಳೇ ಸಾಲವಿದ್ದರೆ ಬ್ಯಾಂಕಿನ ಹೆಸರು ನೋಡಿ ಗಾಬರಿ ಬೇಡ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐಗೆ, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಗೆ ಸೇರಿತು. 2020ರಲ್ಲಿ ಸಿಂಡಿಕೇಟ್ ಬ್ಯಾಂಕ್ ಕೆನರಾಕ್ಕೆ, ಕಾರ್ಪೊರೇಷನ್ ಬ್ಯಾಂಕ್ ಯೂನಿಯನ್ ಬ್ಯಾಂಕಿಗೆ ಸೇರಿದವು. ಸಾಲ ಕೊಟ್ಟ ಬ್ಯಾಂಕ್ ಈಗ ಇಲ್ಲದಿದ್ದರೂ ಉತ್ತರ ಕೊಡಬೇಕಾದ ಬ್ಯಾಂಕ್ ಇದ್ದೇ ಇದೆ.

ಇಲ್ಲೊಂದು ಕಹಿ ಮಾತು. ಕಾಫಿ ರೇಟು ಬಿದ್ದ ವರ್ಷ ಒಟಿಎಸ್ (ಒಂದೇ ಸಲ ಕಟ್ಟಿ ಮುಗಿಸುವ ಒಪ್ಪಂದ) ಮಾಡಿಸಿಕೊಂಡು, ಬಡ್ಡಿ ಬಿಡಿಸಿಕೊಂಡು ಸಾಲ ಮುಗಿಸಿದವರ ವರದಿಯಲ್ಲಿ ‘ಸೆಟಲ್ಡ್’ ಅಂತ ಬರುತ್ತದೆ. ಅದು ತಪ್ಪಲ್ಲ, ನಡೆದದ್ದೇ ಹಾಗೆ. ಅದಕ್ಕೆ ದೂರು ಕೊಟ್ಟರೆ ಉಪಯೋಗವಿಲ್ಲ. ಬಿಟ್ಟ ಮೊತ್ತ ಕಟ್ಟಿದರೆ ‘ಕ್ಲೋಸ್ಡ್’ ಮಾಡಿಕೊಡುತ್ತೀರಾ ಎಂದು ಬ್ಯಾಂಕನ್ನು ಕೇಳಬಹುದು, ಅದನ್ನೂ ಬರಹದಲ್ಲಿ.

ದೂರು ಎರಡು ಕಡೆ

ಸಿಬಿಲ್‌ನವರು ತಾವಾಗಿಯೇ ಒಂದು ಅಂಕಿಯನ್ನೂ ತಿದ್ದುವುದಿಲ್ಲ. ಮಾಹಿತಿ ಕಳಿಸಿದ ಬ್ಯಾಂಕ್ ಒಪ್ಪಬೇಕು. ಆದ್ದರಿಂದ ವೆಬ್‌ಸೈಟಿನಲ್ಲಿ ‘ಡಿಸ್ಪ್ಯೂಟ್’ ಹಾಕಿ, ಅದೇ ದಿನ ಬ್ಯಾಂಕಿಗೂ ಅರ್ಜಿ ಕೊಡಿ. ವೆಬ್‌ಸೈಟಿನಲ್ಲಿ ವರದಿಯ ಮೇಲಿರುವ ಕಂಟ್ರೋಲ್ ನಂಬರ್ ಬೇಕಾಗುತ್ತದೆ.

ಬ್ಯಾಂಕಿನ ಅರ್ಜಿ ಅರ್ಧ ಪುಟ ಸಾಕು: ‘ನನ್ನ ಸಾಲದ ಖಾತೆ ಸಂಖ್ಯೆ ಇಂಥದ್ದು. ಇಂಥ ದಿನ ಪೂರ್ತಿ ತೀರಿಸಿದ್ದೇನೆ, ಎನ್‌ಒಸಿ (ಬಾಕಿಯಿಲ್ಲ ಎಂದು ಬ್ಯಾಂಕ್ ಕೊಟ್ಟ ಪತ್ರ) ಪ್ರತಿ ಲಗತ್ತಿಸಿದೆ. ವರದಿಯಲ್ಲಿ ಇನ್ನೂ ಬಾಕಿ ಎಂದಿದೆ. ಸರಿಪಡಿಸಿದ ಮಾಹಿತಿಯನ್ನು ನಾಲ್ಕೂ ಕಂಪನಿಗಳಿಗೆ ಕಳಿಸಿಕೊಡಿ.’ ಎರಡು ಪ್ರತಿ ಒಯ್ಯಿರಿ. ಒಂದು ಅವರಿಗೆ, ಇನ್ನೊಂದಕ್ಕೆ ಸೀಲು, ಸಹಿ, ತಾರೀಖು ಹಾಕಿಸಿಕೊಳ್ಳಿ. ‘ನಾನು ನೋಡ್ಕೋತೀನಿ ಬಿಡಿ ಸಾರ್’ ಅಂದರೂ ಸೀಲು ಬಿಡಬೇಡಿ. ಮುಂದಿನ ಲೆಕ್ಕವೆಲ್ಲ ಆ ತಾರೀಖಿನಿಂದಲೇ ಶುರು.

ದೂರು ಕೊಟ್ಟ 30 ದಿನದೊಳಗೆ ಇತ್ಯರ್ಥವಾಗಬೇಕು. ಅದರಲ್ಲಿ ಬ್ಯಾಂಕಿಗೆ ಸಿಗುವುದು 21 ದಿನ. ಗಡುವು ದಾಟಿದರೆ ದಿನಕ್ಕೆ 100 ರೂಪಾಯಿ ಪರಿಹಾರ ನಿಮಗೆ ಸಲ್ಲಬೇಕು. 2024ರ ಏಪ್ರಿಲ್ 26ರಿಂದ ಈ ನಿಯಮ ಜಾರಿಯಲ್ಲಿದೆ. ತಡ ಬ್ಯಾಂಕಿನದ್ದಾದರೆ ಬ್ಯಾಂಕ್, ಕಂಪನಿಯದ್ದಾದರೆ ಕಂಪನಿ ಕೊಡಬೇಕು. ತಿದ್ದುಪಡಿ ತಿರಸ್ಕರಿಸಿದರೆ ಕಾರಣ ಹೇಳಲೇಬೇಕು. ಅರ್ಜಿಯ ಕೊನೆಯಲ್ಲಿ ಈ 100 ರೂಪಾಯಿಯ ವಿಷಯ ಒಂದು ಸಾಲು ಬರೆದರೆ ಕಡತ ಸ್ವಲ್ಪ ಬೇಗ ಅಲುಗಾಡೀತು.

ತಿಂಗಳಾದರೂ ಉತ್ತರವಿಲ್ಲವೇ, ಉತ್ತರ ಸಮಾಧಾನ ತರಲಿಲ್ಲವೇ? ಆಗ ರಿಸರ್ವ್ ಬ್ಯಾಂಕಿನ (ಆರ್‌ಬಿಐ) ಓಂಬುಡ್ಸ್‌ಮನ್, ಅಂದರೆ ಗ್ರಾಹಕರ ದೂರು ಕೇಳುವ ಅಧಿಕಾರಿ. ಈ ನಾಲ್ಕು ಕಂಪನಿಗಳೂ 2022ರ ಸೆಪ್ಟೆಂಬರ್‌ನಿಂದ ಅದರ ವ್ಯಾಪ್ತಿಯಲ್ಲಿವೆ. ದೂರನ್ನು ಆರ್‌ಬಿಐನ ಸಿಎಂಎಸ್ ಪೋರ್ಟಲ್‌ನಲ್ಲಿ ಕೊಡಬಹುದು. ದಾರಿ ತಿಳಿಯದಿದ್ದರೆ 14448ಕ್ಕೆ ಫೋನ್ ಮಾಡಿ, ಕನ್ನಡದಲ್ಲೂ ಮಾತಾಡುತ್ತಾರೆ. ಬ್ಯಾಂಕಿಗೆ ಕೊಡದೆ ನೇರ ಇಲ್ಲಿಗೆ ಹೋದರೆ ದೂರು ನಿಲ್ಲುವುದಿಲ್ಲ. ಆ ಸೀಲಿನ ಪ್ರತಿ ಇಲ್ಲೇ ಕೆಲಸಕ್ಕೆ ಬರುವುದು.

‘ಸಿಬಿಲ್ ಕ್ಲಿಯರ್ ಮಾಡಿಕೊಡುತ್ತೇವೆ’ ಅಂತ ವಾಟ್ಸ್ಆ್ಯಪ್‌ನಲ್ಲಿ ಬರುವವರಿಗೆ ಪ್ಯಾನ್, ಓಟಿಪಿ ಕೊಡಬೇಡಿ. ನೀವು ಪುಕ್ಕಟೆ ಹಾಕಬಹುದಾದ ದೂರಿಗಿಂತ ಜಾಸ್ತಿ ಅವರ ಕೈಲಿ ಏನೂ ಇಲ್ಲ.

ಮತ್ತೆ ತಪ್ಪಾಗದಂತೆ

ಸಾಲ ತೀರಿದ ದಿನವೇ ಎನ್‌ಒಸಿ ಕೇಳಿ. ಅಡವಿಟ್ಟ ಆಸ್ತಿ ಪತ್ರಗಳನ್ನು 30 ದಿನದೊಳಗೆ ಹಿಂದಿರುಗಿಸಬೇಕು. ತಡ ಬ್ಯಾಂಕಿನ ಕಡೆಯಿಂದಾದರೆ ದಿನಕ್ಕೆ 5,000 ರೂಪಾಯಿ ಪರಿಹಾರವಿದೆ. ಫೋನ್ ನಂಬರ್ ಬದಲಾದರೆ ಬ್ಯಾಂಕಿಗೆ ತಿಳಿಸಿ. ನಿಮ್ಮ ವರದಿಯನ್ನು ಯಾರಾದರೂ ತೆಗೆದು ನೋಡಿದರೆ ಎಸ್‌ಎಂಎಸ್ ಬರಬೇಕು, ಹಳೇ ನಂಬರಿಗೆ ಹೋದರೆ ಏನು ಬಂತು? ನೀವು ಕೇಳದ ಸಾಲಕ್ಕೆ ಅಂಥ ಎಸ್‌ಎಂಎಸ್ ಬಂದರೆ ಅವತ್ತೇ ವರದಿ ತೆಗೆಸಿ ನೋಡಿ.

ಕೊನೆಯದು ಜಾಮೀನು. ಮೂಡಿಗೆರೆಯ ಭಾವನ ಸಾಲಕ್ಕೆ ‘ಸುಮ್ನೆ ಒಂದು ಸಹಿ’ ಹಾಕಿದ್ದರೂ ಆ ಸಾಲ ನಿಮ್ಮ ವರದಿಯಲ್ಲೂ ಕಾಣಿಸಿಕೊಳ್ಳಬಹುದು. ಅವರ ಕಂತು ತಪ್ಪಿದರೆ ಪೆಟ್ಟು ನಿಮಗೂ ಬೀಳುತ್ತದೆ, ಅದನ್ನು ತಪ್ಪು ಮಾಹಿತಿ ಎಂದು ತಿದ್ದಿಸಲು ಬರುವುದಿಲ್ಲ. ಸಹಿ ಹಾಕುವಾಗಲೇ ಸಾಲದ ಖಾತೆ ಸಂಖ್ಯೆ, ಕಂತಿನ ತಾರೀಖು ಬರೆದಿಟ್ಟುಕೊಳ್ಳಿ. ಕಾಫಿ ಕೊಯ್ಲು ಮುಗಿದು ದುಡ್ಡು ಬಂದ ಮೇಲೆ ‘ಕಂತು ಕಟ್ಟಿದ್ರಾ ಭಾವ?’ ಅಂತ ಒಂದು ಮಾತು ಕೇಳಲು ಸಂಕೋಚ ಬೇಡ.