ಕಡೂರು ಬಯಲಲ್ಲಿ ವೈನ್ ದ್ರಾಕ್ಷಿ: ನನ್ನ ಅನುಭವ

ಚಿಕ್ಕಮಗಳೂರು ಜಿಲ್ಲೆ ಅಂದ ತಕ್ಷಣ ಎಲ್ರಿಗೂ ಕಾಫಿ, ಮಂಜು, ಮುಳ್ಳಯ್ಯನಗಿರೀನೇ ನೆನಪಾಗೋದು, ಅಷ್ಟು ತಂಪು ಇದ್ಮೇಲೆ ವೈನ್ ದ್ರಾಕ್ಷಿ ಸೂಪರ್ ಆಗಿ ಬರ್ಬೇಕಲ್ವಾ ಅಂತ ಕೇಳ್ತಾರೆ. ಬರಲ್ಲ ಕಣ್ರೀ. ಮೂಡಿಗೆರೆ ಕೊಪ್ಪದ ಕಡೆ ತಿಂಗಳುಗಟ್ಲೆ ಎಲೆ ಒಣಗೋಕೇ ಮಳೆ ಬಿಡಲ್ಲ, ಡೌನಿ ಅನ್ನೋ ಬೂಷ್ಟು ರೋಗ ಬಂದ್ರೆ ಎಲೆ ಗೊನೆ ಎಲ್ಲಾ ಮುಗೀತು. ನನ್ನ ಜಮೀನಿರೋದು ಕಡೂರಿಂದ ಅರಸೀಕೆರೆ ಕಡೆ ಬಯಲಲ್ಲಿ, ತೆಂಗು ರಾಗಿ ಸೀಮೆ, ಮರಳು ಮಿಶ್ರ ಕೆಂಪು ಮಣ್ಣು, ನೀರು ನಿಲ್ಲಲ್ಲ, ಮಳೆ ಘಟ್ಟದವ್ರಿಗೆ ಬೀಳೋದ್ರಲ್ಲಿ ಮೂರನೇ ಒಂದು ಭಾಗವೂ ಇಲ್ಲ. ನಮ್ಮೂರಲ್ಲಿ ಅದನ್ನ ಬರ ಅಂತಾರೆ, ದ್ರಾಕ್ಷಿಗೆ ಅದೇ ಬೇಕಾಗಿರೋದು, ನೀರು ಡ್ರಿಪ್ಪಲ್ಲಿ ನಾವೇ ಅಳೆದು ಕೊಡ್ಬೋದಲ್ಲ.

ಆದ್ರೆ ಮಳೆ ಎಷ್ಟು ಅನ್ನೋದಕ್ಕಿಂತ ಯಾವಾಗ ಅನ್ನೋದೇ ಮುಖ್ಯ. ಫ್ರಾನ್ಸಲ್ಲಿ ಚಳಿಗೆ ಬಳ್ಳಿ ತಾನೇ ಎಲೆ ಉದುರಿಸಿ ಮಲಗುತ್ತೆ, ಇಲ್ಲಿ ಮಲಗೋದೇ ಇಲ್ಲ, ಹಾಗಾಗಿ ವರ್ಷಕ್ಕೆ ಎರಡು ಸಲ ಕತ್ತರಿ ಹಾಕ್ಬೇಕು, ಏಪ್ರಿಲಲ್ಲಿ ಕಡ್ಡಿ ಬೆಳೆಸೋಕೆ, ಸೆಪ್ಟೆಂಬರ್ ಅಕ್ಟೋಬರಲ್ಲಿ ಹಣ್ಣಿಗೆ. ಹಣ್ಣಿನ ಪ್ರೂನಿಂಗ್ ಯಾವ ವಾರ ಮಾಡ್ಬೇಕು ಅನ್ನೋದ್ರಲ್ಲೇ ನನ್ನ ಅರ್ಧ ತಲೆನೋವು. ಬೇಗ ಮಾಡಿದ್ರೆ ಎಳೆ ಚಿಗುರು, ಹೂಗೊನೆ ಹಿಂಗಾರು ಮಳೆಗೆ ಸಿಗುತ್ತೆ, ಡೌನಿಗೆ ಔಷಧಿ ಹೊಡೆದೂ ಹೊಡೆದೂ ಸುಸ್ತು. ಲೇಟ್ ಮಾಡಿದ್ರೆ ಅಲ್ಲಿಂದ ನಾಲ್ಕು ನಾಲ್ಕೂವರೆ ತಿಂಗಳು ಲೆಕ್ಕ ಹಾಕಿ, ಕಟಾವು ಮಾರ್ಚ್ ಬಿಸಿಲಿಗೆ ಹೋಗುತ್ತೆ, ಜೊತೆಗೆ ಬೇಸಿಗೆ ಮಳೆ. ಕಾಫಿ ಮಾಡೋ ನಮ್ಮ ಭಾವ ಹೂಮಳೆ (ಕಾಫಿ ಹೂ ಅರಳಿಸೋ ಬೇಸಿಗೆ ಮಳೆ) ಬಿತ್ತು ಅಂತ ಖುಷಿಯಾಗಿ ಫೋನ್ ಮಾಡೋ ಹೊತ್ತಿಗೆ ನಾನಿಲ್ಲಿ ಮೋಡ ನೋಡ್ಕೊಂಡು ಬೈತಾ ಇರ್ತೀನಿ, ಯಾಕಂದ್ರೆ ಹಣ್ಣಾದ ಮೇಲೆ ಒಂದು ಜೋರು ಮಳೆ ಬಿದ್ರೆ ಕಾಯಿ ನೀರು ಕುಡಿದು ಬ್ರಿಕ್ಸ್ (ರಸದ ಸಕ್ಕರೆ ಅಳತೆ) ಇಳಿಯುತ್ತೆ, ಸಿಪ್ಪೆ ಬಿರಿದು ಕೊಳೆಯೋಕೆ ಶುರು. (ಬೋರ್ಡೋ ದ್ರಾವಣ ಮಾತ್ರ ಇಬ್ರಿಗೂ ಒಂದೇ. ಮೈಲುತುತ್ತ ಸುಣ್ಣ ಸೇರಿಸಿ ಅಡಿಕೆ ಕೊಳೆರೋಗಕ್ಕೆ ಹೊಡೀತೀವಲ್ಲ, ಅದು 1880ರ ದಶಕದಲ್ಲಿ ಫ್ರಾನ್ಸಿನ ದ್ರಾಕ್ಷಿ ತೋಟದಲ್ಲಿ ಇದೇ ಡೌನಿಗೆ ಅಂತ ಹುಟ್ಟಿದ್ದು.)

ಇನ್ನು ರಾತ್ರಿ ತಂಪು. ಜನವರಿ ಫೆಬ್ರವರಿಲಿ ಇಲ್ಲಿ ಹಗಲು 30 ಡಿಗ್ರಿ ಇದ್ರೂ ಬೆಳಗಿನ ಜಾವ 15ರ ಆಸುಪಾಸಿಗೆ ಇಳಿಯುತ್ತೆ. ರಾತ್ರಿನೂ ಸೆಖೆ ಇದ್ರೆ ಬಳ್ಳಿ ಕಾಯಲ್ಲಿರೋ ಹುಳೀನ ತಾನೇ ಉರಿಸಿಬಿಡುತ್ತೆ, ಸಕ್ಕರೆ ಏರುತ್ತೆ ಆದ್ರೆ ವೈನ್ ಸಪ್ಪೆ. ನಾನು ಶಿರಾಜ್ ಅನ್ನೋ ಕೆಂಪು ವೈನ್ ತಳೀನ 23-24 ಬ್ರಿಕ್ಸಿಗೆ ಕೀಳ್ತೀನಿ, ಆದ್ರೆ ಬ್ರಿಕ್ಸ್ ಒಂದನ್ನೇ ನಂಬಲ್ಲ, ಹುಳಿ ಎಷ್ಟಿದೆ ಅಂತ ಪಿಎಚ್ ನೋಡ್ತೀನಿ, ಬೀಜ ಕಂದಾಗಿದ್ಯಾ ಅಂತ ಕಚ್ಚಿ ನೋಡ್ತೀನಿ. ಇಳುವರಿ ಬೇಕಂತಲೇ ಕಮ್ಮಿ, ಎಕರೆಗೆ ನಾಲ್ಕೈದು ಟನ್ ಸಾಕು, ಉಳಿದ ಗೊನೆ ಕಿತ್ತು ನೆಲಕ್ಕೆ ಹಾಕೋದೇ. ಅದನ್ನ ನೋಡಿ ನಮ್ಮಮ್ಮ ಇವತ್ತಿಗೂ ಬೈತಾರೆ.

ಇಷ್ಟೆಲ್ಲಾ ಇದ್ರೂ ನಂದಿ ಬೆಟ್ಟದ ಸೀಮೆ, ನಾಸಿಕ್ ನಮಗಿಂತ ಮುಂದೆ ಇರೋದು ಮಣ್ಣಿಂದ ಅಲ್ಲ ಅಂತ ನನಗನ್ಸುತ್ತೆ. ನಂದಿ ಕಡೆ ಬ್ಯಾಂಗಳೂರ್ ಬ್ಲೂ ದ್ರಾಕ್ಷಿ ಬೆಳೆದು ಕೈ ಪಳಗಿದ ರೈತರು ಮೊದಲಿಂದ ಇದ್ರು, 1988ರಲ್ಲಿ ಗ್ರೋವರ್ ವೈನ್ ಕಂಪನಿ ಶುರುವಾಯ್ತು, 2007ರಲ್ಲಿ ಸರ್ಕಾರ ವೈನ್ ನೀತಿ ತಂತು. ಅಲ್ಲಿ ಪಕ್ಕದೂರಲ್ಲೇ ವೈನರಿ, ನರ್ಸರಿ, ಕತ್ತರಿ ಹಿಡಿಯೋ ಜನ ಸಿಗ್ತಾರೆ. ನಾನು ಚಾಟ್ನಿ (ಪ್ರೂನಿಂಗ್) ಮಾಡೋಕೆ ವಿಜಯಪುರದ ಕಡೆಯಿಂದ ಗ್ಯಾಂಗ್ ಕರೆಸ್ಬೇಕು, ಅವ್ರ ಡೇಟಿಗೆ ನನ್ನ ಬಳ್ಳಿ ಕಾಯ್ಬೇಕು, ಮಳೆ ಲೆಕ್ಕ ಎಲ್ಲಾ ಅಲ್ಲಿಗೆ ತಲೆಕೆಳಗು. ಹಣ್ಣನ್ನ ಬೆಳಗಿನ ಜಾವ ಹೆಡ್‌ಲೈಟ್ ಕಟ್ಕೊಂಡು ಕಿತ್ತು, ಸಣ್ಣ ಕ್ರೇಟಲ್ಲಿ ತುಂಬಿ, ದೊಡ್ಡಬಳ್ಳಾಪುರದ ಕಡೆ ವೈನರಿಗೆ ನಾಲ್ಕೈದು ಗಂಟೆ ಓಡಿಸ್ಬೇಕು, ತುಮಕೂರು ದಾಟೋವಾಗ ಬಿಸಿಲೇರಿದ್ರೆ ತಳದ ಕ್ರೇಟಲ್ಲಿ ರಸ ಬಿಟ್ಟು ಅಲ್ಲೇ ಹುದುಗೋಕೆ ಶುರು.

ಅದಕ್ಕೇ ಈಗ ಅಕ್ಕಪಕ್ಕದ ಇನ್ನೊಂದಿಷ್ಟು ಜನಕ್ಕೆ ಹಾಕಿ ಅಂತ ಗಂಟುಬಿದ್ದಿದ್ದೀನಿ, ಒಂದು ಗ್ಯಾಂಗ್ ಸೀಸನ್ ಪೂರ್ತಿ ಇಲ್ಲೇ ನಿಲ್ಲುವಷ್ಟು ಎಕರೆ ಆದ್ರೂ ಆಗ್ಲಿ, ಕೂಲ್ ವ್ಯಾನ್ ಬಾಡಿಗೆನೂ ಹಂಚಿಕೊಳ್ಬೋದು. ಇಬ್ರು ಡಾಗ್‌ರಿಡ್ಜ್ ಬೇರುಗಿಡ ನೆಟ್ಟಾಗಿದೆ, ನಮ್ಮ ಬೋರ್ ನೀರಿನ ಉಪ್ಪಿಗೆ ಅದು ತಡ್ಕೊಳ್ಳುತ್ತೆ, ಮಳೆಗಾಲ ಇಳಿದ ಮೇಲೆ ಅದ್ರ ಮೇಲೆ ಶೆನಿನ್ ಬ್ಲಾಂಕ್ ಅನ್ನೋ ಬಿಳಿ ವೈನ್ ತಳಿ ಕಸಿ ಕಟ್ಟಿಸ್ತಾರೆ.