ಮಡಿಯ ಮನೆಯಲ್ಲಿ ಇಆರ್‌ಪಿ: ನನ್ನ ಅನುಭವ

ಮಡಿ-ಮೈಲಿಗೆ ನಡೆಸುವ ಮನೆಗಳಲ್ಲಿ ತೊಳೆಯುವ ಗೀಳಿಗೆ (ಒಸಿಡಿ), ಹೆದರುವ ವಸ್ತುವನ್ನು ಮುಟ್ಟಿಸಿ ಆಮೇಲೆ ತೊಳೆಯದಂತೆ ತಡೆಯುವ ಚಿಕಿತ್ಸೆಯಾದ ಇಆರ್‌ಪಿ ಸಾಗುವುದಿಲ್ಲ, ಅಲ್ಲಿ ಮಾತ್ರೆಯೊಂದೇ ದಾರಿ ಎಂದು ನಾನು ಶಿವಮೊಗ್ಗದಲ್ಲಿ ಕ್ಲಿನಿಕ್ ತೆರೆದಾಗ ಈ ವೃತ್ತಿಯ ಹಿರಿಯರು ಒಂದೇ ದನಿಯಲ್ಲಿ ಹೇಳಿದ್ದರು. ಹಾಗೆ ಹೇಳಿದವರಲ್ಲಿ ಒಬ್ಬ ಮನೋವೈದ್ಯರು ಈಗ ತಿಂಗಳಿಗೆ ಮೂರ್ನಾಲ್ಕು ರೋಗಿಗಳನ್ನು ನನ್ನ ಬಳಿಗೇ ಕಳಿಸುತ್ತಿರುವುದರಿಂದ ಇದನ್ನು ಬರೆಯುತ್ತಿದ್ದೇನೆ. 1966ರಲ್ಲಿ ಲಂಡನ್ನಿನ ಮನೋವಿಜ್ಞಾನಿ ವಿಕ್ಟರ್ ಮೇಯರ್ ರೋಗಿಯ ಕೋಣೆಯ ನಲ್ಲಿಯನ್ನೇ ನಿಲ್ಲಿಸಿ, ದಾದಿಯರನ್ನು ಕಾವಲಿಟ್ಟು ಸಾಧಿಸಿದ್ದನ್ನು ಮಲೆನಾಡಿನ ಕೂಡುಕುಟುಂಬದಲ್ಲಿ ಸಾಧಿಸಲು ಬೇರೆ ಕಾವಲೇ ಬೇಕಾಗುತ್ತದೆ.

ಮೊದಲ ಎರಡು ವರ್ಷ ಕೈಗೂಡಿದ್ದು ಕಡಿಮೆ. ಬಾಡಿಗೆ ಸುಮಾರು 7,000 ರೂಪಾಯಿ. ಒಂದು ಭೇಟಿಗೆ ನಾನು ಕೇಳುತ್ತಿದ್ದದ್ದು 300, ಅದಕ್ಕೂ ‘ಔಷಧಿ ಬರೆಯದಿದ್ದರೆ ಬರೀ ಮಾತಿಗೆ ದುಡ್ಡೇಕೆ’ ಎಂಬ ಪ್ರಶ್ನೆ ಬರುತ್ತಿತ್ತು. ಕಾಲೇಜೊಂದರಲ್ಲಿ ಅರೆಕಾಲಿಕ ಪಾಠ ಹೇಳಿ ಬಾಡಿಗೆ ಕಟ್ಟಿದೆ. ಹತ್ತರಲ್ಲಿ ಆರೇಳು ಮಂದಿ ಮೂರನೆಯ ಭೇಟಿಯ ಹೊತ್ತಿಗೆ ಬರುವುದನ್ನು ನಿಲ್ಲಿಸುತ್ತಿದ್ದರು. ಉಳಿದವರು ಕ್ಲಿನಿಕ್ಕಿನ ಕಸದ ಬುಟ್ಟಿಯನ್ನು ಮುಟ್ಟಿ ಮುಕ್ಕಾಲು ಗಂಟೆ ನಿರಾಳವಾಗಿ ಕುಳಿತಿರುತ್ತಿದ್ದರು. ಮನೆಗೆ ಹೋದೊಡನೆ ಉಟ್ಟ ಬಟ್ಟೆಯಲ್ಲೇ ತಲೆಗೆ ನೀರು ಸುರಿದುಕೊಳ್ಳುತ್ತಿದ್ದರು. ಕ್ಲಿನಿಕ್ಕು ಹೇಗೂ ಮೈಲಿಗೆಯ ಜಾಗ, ಅಲ್ಲಿ ಮುಟ್ಟಿದ್ದು ಲೆಕ್ಕಕ್ಕಿಲ್ಲ. ಅವರ ಭಯವೆಲ್ಲ ಮನೆಯ ಹೊಸ್ತಿಲಿನಿಂದ ಒಳಗೆ.

ಹಾಗಾಗಿ ಚಿಕಿತ್ಸೆಯನ್ನೇ ಮನೆಗೆ ಒಯ್ದೆ. ಮಡಿ ಸರಿಯೋ ತಪ್ಪೋ ಎಂಬ ಚರ್ಚೆಗೆ ಇಳಿಯದೆ, ಆ ಮನೆಯಲ್ಲಿ ಎಲ್ಲರಿಗಿಂತ ಕಟ್ಟುನಿಟ್ಟಾಗಿ ಮಡಿ ಮಾಡುವ ಹಿರಿಯರನ್ನೇ ಅಳತೆಯಾಗಿ ಹಿಡಿದೆ. ಅಜ್ಜಿ ಎರಡು ಚೊಂಬು ನೀರಿನಲ್ಲಿ ಕೈಕಾಲು ತೊಳೆದು ಅಡಿಗೆಗೆ ನಿಲ್ಲುತ್ತಾರೆ. ಸೊಸೆಗೆ ಅಷ್ಟಕ್ಕೇ ಅರ್ಧ ಸೋಪು, ಮುಕ್ಕಾಲು ಗಂಟೆ, ಹಂಡೆ ನೀರು ಬೇಕು. ಎರಡು ಚೊಂಬು ಆಚಾರ, ಅದರ ಮೇಲಿನದೆಲ್ಲ ಕಾಯಿಲೆ ಎಂದು ಅಜ್ಜಿಯ ಬಾಯಿಂದಲೇ ಬಂದಾಗ, ನನ್ನ ಯಾವ ವಿವರಣೆಗೂ ಅಲುಗದಿದ್ದ ಮನೆ ಒಪ್ಪಿಕೊಂಡಿತು. ‘ನಾನು ಅದನ್ನು ಮುಟ್ಟಲಿಲ್ಲ ತಾನೆ’ ಎಂದು ರೋಗಿ ಕೇಳಿದಾಗಲೆಲ್ಲ ಮನೆಯವರು ‘ಇಲ್ಲ ಮಾರಾಯ್ತಿ’ ಎನ್ನುವುದನ್ನು ಬಿಡಿಸುವುದು ತೊಳೆಯುವುದನ್ನು ಬಿಡಿಸುವುದಕ್ಕಿಂತ ಕಷ್ಟ, ಆದರೆ ಅಜ್ಜಿಯೇ ಸುಮ್ಮನಾದರೆ ಮಿಕ್ಕವರೂ ಸುಮ್ಮನಾಗುತ್ತಾರೆ. ಮೊದಲ ದಿನ ಆ ಹಿರಿಯರನ್ನು ಹೇಗೆ ಒಲಿಸಿಕೊಳ್ಳುತ್ತೇನೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಅದು ಜೊತೆಗೆ ಬಂದು ನೋಡಿಯೇ ಕಲಿಯಬೇಕಾದದ್ದು.

ಆತಂಕ ನೂರಕ್ಕೆ ಎಷ್ಟು ಎಂದು ಹೇಳುವ ಅಳತೆ ಹಲವರಿಗೆ ಹಿಡಿಸದ್ದರಿಂದ ಅದನ್ನು ಹದಿನಾರಾಣೆಯ ಲೆಕ್ಕದಲ್ಲಿ ಕೇಳತೊಡಗಿದೆ. ಗುರುತು ಸಿಗದಂತೆ ಒಂದು ಮಧ್ಯಾಹ್ನದ ಕೆಲಸವನ್ನು ಹೇಳುವುದಾದರೆ, ಒಬ್ಬಾಕೆ ಚಪ್ಪಲಿ ಗೂಡಿಗೆ ಅಂಗೈ ಒತ್ತಿ, ಅದೇ ಕೈಯನ್ನು ಅಕ್ಕಿ ಡಬ್ಬಿಯ ಮುಚ್ಚಳದ ಮೇಲೆ ಇಟ್ಟಾಗ ಹದಿನಾಲ್ಕಾಣೆ ಎಂದರು. ಬೆರಳು ಸೀರೆಗೆ ತಾಗದಂತೆ ಕೈಯನ್ನು ದೂರ ಹಿಡಿದಿದ್ದರು. ಅರ್ಧ ಗಂಟೆಗೆ ಹತ್ತಾಣೆಯಾಯಿತು, ಗಂಟೆ ದಾಟಿದ ಮೇಲೆ ಐದಾಣೆಗೆ ಇಳಿದು ಕೈ ತಾನಾಗಿ ಮಡಿಲಿಗೆ ಬಂತು. ಸಂಜೆಯವರೆಗೆ ನೀರು ಮುಟ್ಟಲಿಲ್ಲ, ಆಮೇಲೆ ಅಜ್ಜಿಯ ಅಳತೆಯಲ್ಲೇ ತೊಳೆದು ಅನ್ನಕ್ಕಿಟ್ಟರು. ಗೀಳಿನ ತೀವ್ರತೆಯನ್ನು ಅಳೆಯುವ ವೈ-ಬಾಕ್ಸ್‌ನಲ್ಲಿ 40ಕ್ಕೆ ಮೂವತ್ತರ ಆಸುಪಾಸಿನಲ್ಲಿದ್ದ ಅಂಕ ನಾಲ್ಕೈದು ತಿಂಗಳಲ್ಲಿ ಹನ್ನೆರಡರ ಹತ್ತಿರಕ್ಕೆ ಬಂತು. ಮನೋವೈದ್ಯರು ಗೀಳಿಗೆಂದು ಕೊಟ್ಟಿದ್ದ ಫ್ಲುಯೊಕ್ಸೆಟಿನ್ ಮಾತ್ರೆ ಜೊತೆಗಿತ್ತು ನಿಜ, ಆದರೆ ಅದೇ ಪ್ರಮಾಣದಲ್ಲಿ ವರ್ಷದಿಂದ ನುಂಗುತ್ತಿದ್ದರೂ ಅಂಕ ಕದಲಿರಲಿಲ್ಲ.

ದೇವರ ಮುಂದೆ ನಿಂತಾಗಲೇ ಕೆಟ್ಟ ಯೋಚನೆ ನುಗ್ಗುವವರಿಗೆ, ಆ ಯೋಚನೆಯನ್ನು ಅವರ ದನಿಯಲ್ಲೇ ಮೊಬೈಲಿನಲ್ಲಿ ಮುದ್ರಿಸಿ ದಿನಕ್ಕೆ ಅರ್ಧ ಗಂಟೆ ಕೇಳಿಸುವ ಕ್ರಮವನ್ನೂ ನಡೆಸಿ ನೋಡಿದೆ. ಸುಮಾರು ಅರ್ಧದಷ್ಟು ಜನರಿಗೆ ಚೆನ್ನಾಗಿ ಹತ್ತಿತು.

ಮನೆಭೇಟಿಗೆ ಎರಡು ಗಂಟೆ ಹಿಡಿಯುತ್ತದೆ, ಪೆಟ್ರೋಲು ಬೇರೆ. ಈಗ ಒಂದಕ್ಕೆ 1,200ರಂತೆ ಹನ್ನೆರಡು ಭೇಟಿಯ ಹಣವನ್ನು ಮೂರು ಕಂತಿನಲ್ಲಿ, ಮೊದಲ ಕಂತನ್ನು ಆರಂಭಕ್ಕೆ ಮುಂಚೆ ಪಡೆಯುತ್ತೇನೆ. ಅಂದಿನಿಂದ ನಡುವೆ ಬಿಡುವವರು ಹತ್ತರಲ್ಲಿ ಒಬ್ಬಿಬ್ಬರು. ಶ್ರಾವಣದಲ್ಲಿ, ನವರಾತ್ರಿಯಲ್ಲಿ ಮಡಿಯ ಕೆಲಸ ಹೆಚ್ಚಿ ಗೀಳು ಮತ್ತೆ ತಲೆಯೆತ್ತುವುದರಿಂದ, ಅವುಗಳಿಗೆ ಹದಿನೈದು ದಿನ ಮುಂಚೆ ಹಳೆಯ ರೋಗಿಗಳ ಮನೆಗೆ ಒಮ್ಮೆ ಹೋಗಿ ಬರುತ್ತೇನೆ, ಅದಕ್ಕೆ ಹಣ ತೆಗೆದುಕೊಳ್ಳುವುದಿಲ್ಲ.