ಜೇಡ ನೋಡೋಕೆ ಹೋದಾಗ ಕೈಯಲ್ಲೊಂದು ಟ್ಯೂನಿಂಗ್ ಫೋರ್ಕ್

ಜೇಡ ನೋಡುವ ಹುಚ್ಚು ಹತ್ತಿದವರಿಗೆ ನಾನು ಹೇಳೋದು ಒಂದೇ. ದುಬಾರಿ ಲೆನ್ಸ್ ಆಮೇಲೆ ಕೊಳ್ಳಿ, ಮೊದಲು ಒಂದು ಟ್ಯೂನಿಂಗ್ ಫೋರ್ಕ್ ತಗೊಳ್ಳಿ. ಹೈಸ್ಕೂಲ್ ಲ್ಯಾಬಲ್ಲಿ ಇರುತ್ತಲ್ಲ, ತಟ್ಟಿದರೆ ಗುಂಯ್ ಅಂತ ಅದುರುವ ಉಕ್ಕಿನ ಶ್ರುತಿಕವೆ, ಅದೇ.

ದುಂಡು ಬಲೆ ನೇಯುವ ಜೇಡಗಳಿಗೆ ಎಂಟು ಕಣ್ಣಿದ್ದರೂ ದೃಷ್ಟಿ ಮಂದ. ಸುತ್ತಲಿನ ಸುದ್ದಿಯೆಲ್ಲ ಕಾಲಿನಿಂದಲೇ ಬರಬೇಕು. ಕಾಲಿನ ಕೀಲುಗಳ ಹತ್ತಿರ ಸಣ್ಣ ಸಣ್ಣ ಸೀಳುಗಳಿವೆ. ಎಳೆ ಚೂರು ಅದುರಿದರೂ ಅವಕ್ಕೆ ತಿಳಿಯುತ್ತದೆ.

ನಾನು ಹೋಗೋದು ಬೆಂಗಳೂರಿನ ತುರಹಳ್ಳಿ ಕಾಡಿಗೆ. ಅಲ್ಲಿನ ಪೊದೆಗಳಲ್ಲಿ ಸಿಗ್ನೇಚರ್ ಜೇಡ ಕಾಲುಗಳನ್ನು ಜೋಡಿ ಜೋಡಿ ಮಾಡಿಕೊಂಡು, ಇಂಟು ಮಾರ್ಕ್ ಹಾಕಿದ ಹಾಗೆ ತಲೆಕೆಳಗಾಗಿ ಕೂತಿರುತ್ತದೆ. ಬೆಳಿಗ್ಗೆ ಗಾಳಿ ಏಳುವ ಮೊದಲೇ ಹೋಗಬೇಕು. ಇಲ್ಲದಿದ್ದರೆ ಇಡೀ ಬಲೆಯೇ ಓಲಾಡುತ್ತಿರುತ್ತದೆ.

ಕವೆಯನ್ನು ಮಂಡಿಗೆ ತಟ್ಟಿ, ಬಲೆಯ ಅಂಚಿನ ಎಳೆಗೆ ಮೆಲ್ಲಗೆ ತಾಗಿಸುತ್ತೇನೆ. ಜೇಡ ಮೊದಲು ಆ ದಿಕ್ಕಿಗೆ ತಿರುಗುತ್ತದೆ. ಮುಂಗಾಲಲ್ಲಿ ಎಳೆಗಳನ್ನು ಜಗ್ಗಿ ನೋಡುತ್ತದೆ. ಆಮೇಲೆ ಸರ್ರನೆ ಓಡಿ ಬಂದು ಉಕ್ಕನ್ನೇ ತಬ್ಬಿಕೊಳ್ಳುತ್ತದೆ! ಮನೆನೊಣದ ರೆಕ್ಕೆ ಸೆಕೆಂಡಿಗೆ ಸುಮಾರು 200 ಸಲ ಬಡಿಯುತ್ತದೆ, ನನ್ನ ಕವೆ 256 ಸಲ ಅದುರುತ್ತದೆ. ಮೋಸ ಹೋಗೋದು ಸಹಜ ಅಲ್ವಾ?

ಇದು ನನ್ನ ತಲೆಯಿಂದ ಬಂದದ್ದಲ್ಲ. ಸಿ.ವಿ. ಬಾಯ್ಸ್ ಎಂಬ ಇಂಗ್ಲಿಷ್ ವಿಜ್ಞಾನಿ 1880ರಲ್ಲೇ ತೋಟದ ಜೇಡದ ಮೇಲೆ ಮಾಡಿ ಬರೆದಿದ್ದಾರೆ. ಅದುರುವ ಕವೆಯನ್ನು ಬಲೆಗೆ ತಾಗಿಸದೆ ಸುಮ್ನೆ ಹತ್ತಿರ ತಂದರೆ, ನಡುವೆ ಕೂತ ಜೇಡ ಒಂದು ದಾರಕ್ಕೆ ಜೋತುಬಿದ್ದು ಕೆಳಗೆ ಇಳಿಯುತ್ತದೆ ಅಂತಲೂ ಅವರು ಗಮನಿಸಿದ್ದರು. ಗಾಳಿಯ ಅಲುಗಾಟ ಹಿಡಿಯೋಕೆ ಕಾಲಿನ ಮೇಲೆ ನವಿರು ಕೂದಲು ಬೇರೆ ಇವೆ. ಬೇಟೆಯಾಡೋ ಕಣಜ ಬಂತು ಅಂದುಕೊಳ್ಳುತ್ತದೋ ಏನೋ.

ಗೋಡೆ ಮೇಲೆ ಓಡಾಡುವ ಜಿಗಿಜೇಡದ ಹತ್ತಿರ ಈ ಆಟ ನಡೆಯೋದಿಲ್ಲ. ಬಲೆ ಹೆಣೆದು ಕಾಯುವ ಜೇಡವೇ ಅಲ್ಲ ಅದು, ಕಣ್ಣಿನಿಂದಲೇ ಬೇಟೆಯಾಡುತ್ತದೆ. ಪಕ್ಕದಲ್ಲಿ ಬೆರಳಾಡಿಸಿ ಸಾಕು. ಬದಿಯ ಕಣ್ಣುಗಳು ಚಲನೆ ಹಿಡಿಯುತ್ತವೆ, ಜೇಡ ಗಕ್ಕನೆ ತಿರುಗಿ ಮುಂದಿನ ಎರಡು ದೊಡ್ಡ ಕಣ್ಣುಗಳಿಂದ ನಿಮ್ಮನ್ನೇ ದಿಟ್ಟಿಸುತ್ತದೆ. ಫೋನಲ್ಲಿ ನೊಣದ ವಿಡಿಯೋ ಹಾಕಿಟ್ಟರೆ ಇನ್ನೂ ಮಜಾ.

ಒಂದು ಬಲೆಗೆ ಕವೆ ಒಂದೇ ಸಲ ತಾಗಿಸಿ. ಪದೇ ಪದೇ ಓಡಿಸಿದರೆ ಪಾಪ, ಊಟವಿಲ್ಲದೆ ಓಡಾಟ ಜಾಸ್ತಿಯಾಗುತ್ತದೆ.